ಮೂರು ಫೋನು, ಒಂದು ಬೂದು ಚುಕ್ಕೆ

ಅಬುಧಾಬಿಯಲ್ಲಿ ನಾನೀಗ ಮಗಳ ಜೊತೆ ಇರುವ ಬಿಲ್ಡಿಂಗಿನ ಏಳನೇ ಮಹಡಿಯ ಶಾರಲ್ ಎಂಬ ಹುಡುಗಿಗೆ ಕೆಲಸ ಸಿಕ್ಕಿದೆ. ಆಫ್ರಿಕಾದ ಊರುಗಳಲ್ಲಿ ಹವಾಮಾನ ನ್ಯಾಯಕ್ಕಾಗಿ ದುಡಿಯುವ ಸಂಘಗಳನ್ನು ಪತ್ತೆ ಹಚ್ಚಿ ನಕಾಶೆಯಲ್ಲಿ ಗುರುತಿಸುವ ಕೆಲಸ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕವಳು, "ಆಂಟಿ, ಯು ಡಿಡ್ ದ ಸೇಮ್ ಥಿಂಗ್, ನೋ? ಎನಿ ಟಿಪ್ಸ್?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಏಳನೇ ಮಹಡಿ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಶಾರಲ್‌ಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ.

ನಾನು ಪರಿಸರ ತಜ್ಞೆಯಲ್ಲ. ದುಬೈಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಟೈಪ್ ಮಾಡಿದವಳು. ಆ ಆಫೀಸು ಮುಚ್ಚಿದಾಗ ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಮದುವೆಯಾಗಿ ಅಬುಧಾಬಿಗೆ ಬಂದಿದ್ದಳು. ದುಬೈಯ ಕರಾಮದ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಟೀವಿಯ ಜೊತೆ ಜಗಳವಾಡುವ ಹಂತಕ್ಕೆ ಬಂದಿದ್ದೆ. ಯಾರೋ ಹೇಳಿದರೆಂದು ಅಲ್ ಕೂಜ್‌ನ ಒಂದು ಸಣ್ಣ ಸಂಶೋಧನಾ ಆಫೀಸಿಗೆ ಇಂಟರ್‌ವ್ಯೂಗೆ ಹೋದೆ.

ಬಾಸ್ ಲೆಬನಾನಿನವರು, ಮಿಸ್ಟರ್ ಫಾದಿ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮಿಸೆಸ್ ಲೋಬೊ, ಡು ಯು ನೋ ಆಫ್ರಿಕಾ?"

ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದ ಸಿಸ್ಟರ್ ಕ್ಲೋತಿಲ್ಡಾ, ಪುಸ್ತಕ ನೋಡದೆ ಖಂಡಗಳ ಗಡಿರೇಖೆ ಬರೆಸುತ್ತಿದ್ದರು. ಗೆರೆ ತಪ್ಪಿದರೆ ಫೂಟ್‌ರೂಲರಿನಿಂದ ಬೆರಳ ಗಂಟಿಗೆ ಒಂದು. ನನ್ನ ಬೆರಳುಗಳಿಗೆ ಆಫ್ರಿಕಾ ಇನ್ನೂ ನೆನಪಿತ್ತು. ಟೇಬಲ್ಲಿನ ಮೇಲಿದ್ದ ಕಾಗದ ಎಳೆದುಕೊಂಡು ಪೆನ್ನೆತ್ತದೆ ಬರೆದು ಕೊಟ್ಟೆ. ಫಾದಿ ಸರ್ ಬೆರಗಾದರು. ಆಮೇಲೆ ಕೇಳಿದರು, "ವೇರ್ ಈಸ್ ಮಡಗಾಸ್ಕರ್?"

"ಅದಕ್ಕೆ ಸಿಸ್ಟರ್ ಮಾರ್ಕ್ಸ್ ಕೊಡ್ತಿರಲಿಲ್ಲ, ಸರ್."

ಕೆಲಸ ಸಿಕ್ಕಿತು. ನನ್ನ ಗಡಿರೇಖೆ ಅವರಿಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ಸ್ಕ್ಯಾನ್ ಮಾಡಿ, ಒಳಗೆ ನದಿ, ಗುಡ್ಡ ತುಂಬಿಸಿ, ಎಲ್ಲ ನಕಾಶೆಗಳಿಗೂ ಬಳಸಿದರು. ಮಡಗಾಸ್ಕರ್ ಸೇರಿಸಲು ಯಾರಿಗೂ ನೆನಪಾಗಲಿಲ್ಲ. ಈ ತಪ್ಪಿನ ಕಥೆ ಮುಂದೆ ಬರುತ್ತದೆ. ಇದಕ್ಕಿಂತ ದೊಡ್ಡದು ಮೊದಲು ಬರುತ್ತದೆ.

ನಮ್ಮ ಆಫೀಸು ಒಂದು ಏಸಿ ರಿಪೇರಿ ವರ್ಕ್‌ಶಾಪಿನ ಮಹಡಿಯಲ್ಲಿತ್ತು. ಜಗತ್ತು ಬಿಸಿಯಾಗುತ್ತಿದೆ ಎಂದು ಮೇಲೆ ನಾವು ಬರೆಯುತ್ತಿದ್ದೆವು. ಕೆಳಗಿನವರು ರಿಪೇರಿಯಾದ ಏಸಿಗಳನ್ನೆಲ್ಲ ಪರೀಕ್ಷೆಗೆಂದು ನಮ್ಮ ರೂಮಿಗೇ ತಂದು ಕೂರಿಸುತ್ತಿದ್ದರು. ಅಲ್ಲಿದ್ದ ಐದು ವರ್ಷವೂ ನಾನು ಸ್ವೆಟರ್ ಹಾಕಿಕೊಂಡೇ ಭೂಮಿಯ ಬಿಸಿಯ ಬಗ್ಗೆ ಚಿಂತಿಸಿದ್ದೇನೆ.

ಹವಾಮಾನ ನ್ಯಾಯ ಅಂದರೇನು ಎಂದು ಮೊದಲ ದಿನ ಫಾದಿ ಸರ್ ಒಂದು ಗಂಟೆ ವಿವರಿಸಿದರು. ತಲೆಗೆ ಹೋಗಲಿಲ್ಲ. ಕೊನೆಗೆ ವಿವರಿಸಿದ್ದು ಹಮೀದ್. ಉಳ್ಳಾಲದ ಬ್ಯಾರಿ, ನಮ್ಮ ಆಫೀಸಿನ ಡ್ರೈವರ್, ಟೆಲಿಫೋನ್ ಆಪರೇಟರ್, ವಿಸಾ ಟೈಪ್ ಮಾಡಿಸುವವರು, ಎಲ್ಲವೂ ಅವರೇ. ಚಹಾ ತಂದಿಟ್ಟು ಹೇಳಿದರು, "ಬಾಯಮ್ಮ, ಎಂತ ಇಲ್ಲ. ಹೊಗೆ ಬಿಟ್ಟದ್ದು ಒಬ್ಬ, ಮನೆ ಮುಳುಗಿದ್ದು ಇನ್ನೊಬ್ಬನದ್ದು. ಮುಳುಗಿದವ ಬಂದು 'ಎಂತಕ್ಕೆ ಮಾರ್ರೆ?' ಅಂತ ಕೇಳುದು. ಅಷ್ಟೇ." ಆಮೇಲೆ ನಾನು ಓದಿದ ಯಾವ ರಿಪೋರ್ಟಿನಲ್ಲೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಒಂದು ಸಂಘದ ಹೆಸರು, ನಂಬರು ಸಿಕ್ಕಿದರೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುವುದು. ಉತ್ತರ ಸರಿಯಿದ್ದರೆ ನಕಾಶೆಯಲ್ಲಿ ಹಸಿರು ಚುಕ್ಕೆ. ಮೂರು ಸಲ ಫೋನ್ ಮಾಡಿಯೂ ಎತ್ತದಿದ್ದರೆ ಬೂದು ಚುಕ್ಕೆ. ಬೂದು ಅಂದರೆ 'ಡಾರ್ಮೆಂಟ್'. ಹೆಸರು ಉಂಟು, ಸಂಘ ಮಲಗಿದೆ ಎಂದರ್ಥ. ಹಸಿರಿನವರಿಗೆ ಮಾತ್ರ ಅಬುಧಾಬಿಯಲ್ಲಿ ನಡೆಯಲಿದ್ದ ದೊಡ್ಡ ಹವಾಮಾನ ಸಭೆಗೆ ಬಂದು ಮಾತಾಡುವ ಆಹ್ವಾನ.

ಮೂರು ಫೋನಿನ ಈ ನಿಯಮ ಫಾದಿ ಸರ್ ಕಂಡುಹಿಡಿದದ್ದು. "ಇಟ್ ಈಸ್ ಸೈಂಟಿಫಿಕ್," ಅನ್ನುತ್ತಿದ್ದರು. ಎಷ್ಟು ಸೈಂಟಿಫಿಕ್ ಅಂದರೆ, ಒಮ್ಮೆ ಒಂದು ಸಂಘದ ಬ್ಯಾನರಿನ ಫೋಟೋದ ಮೂಲೆಯಲ್ಲಿದ್ದ ನಂಬರಿಗೆ ನಾನು ಫೋನ್ ಮಾಡಿದೆ. ಒಬ್ಬ ಗಂಡಸು ಮೊದಲ ರಿಂಗಿಗೇ ಎತ್ತಿದ. ಹವಾಮಾನ ಬದಲಾಗುವುದಕ್ಕೂ ನಿಮ್ಮ ಕೆಲಸಕ್ಕೂ ಸಂಬಂಧವಿದೆಯೇ? ಬೇಕಾದಷ್ಟಿದೆ. ಹೆಂಗಸರ ಜೊತೆ ಕೆಲಸ ಮಾಡುತ್ತೀರಾ? ಹೆಚ್ಚಿನವರು ಹೆಂಗಸರೇ. ಮಕ್ಕಳ ಜೊತೆ? ಶಾಲೆ ಶುರುವಾಗುವಾಗ ತುಂಬ. ಸಂಘದ ಮುಖ್ಯಸ್ಥರು ಯಾರು? ನಾನೇ. ಹಸಿರು ಚುಕ್ಕೆ ಇಟ್ಟೆ. ಆತ ಬ್ಯಾನರ್ ಹೊಲಿದ ಟೈಲರ್ ಎಂದು ತಿಳಿಯುವಾಗ ಎರಡು ತಿಂಗಳಾಗಿತ್ತು. ಪಾಪ, ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಈಗ ಎಸ್ತೆರ್ ವಿಷಯ.

ನಮ್ಮ ಪೋಸ್ಟ್ ಬಾಕ್ಸಿಗೆ ಕರೆಂಟ್ ಬಿಲ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಒಂದು ದಿನ ಮಲಾವಿಯಿಂದ ಒಂದು ಪತ್ರ ಬಂತು. ಶಾಲೆಯ ನೋಟ್‌ಬುಕ್ಕಿನ ಹಾಳೆ, ನೀಲಿ ಶಾಯಿ. ಅಕ್ಷರ ನೋಡಿದ ಕೂಡಲೇ ನನ್ನ ಎದೆ ಬೆಚ್ಚಗಾಯಿತು. ಬಾಲ ಎಳೆದ ದುಂಡು ಕರ್ಸಿವ್. ಇವಳೂ ಸಿಸ್ಟರ್‌ಗಳ ಕೈಯಲ್ಲಿ ಪೆಟ್ಟು ತಿಂದವಳೇ, ಅನುಮಾನವಿಲ್ಲ! ನದಿ ಉಕ್ಕಿ ತಮ್ಮ ಹಳ್ಳಿ ಕೊಚ್ಚಿಹೋದದ್ದು, ಊರವರೆಲ್ಲ ಗುಡ್ಡದ ಮೇಲೆ ಹೋಗಿ ನೆಲೆಸಿದ್ದು, ಹೆಂಗಸರು ಸೇರಿ ದಂಡೆಗೆ ಬಿದಿರು ನೆಟ್ಟದ್ದು, ಹೊಸ ಜಾಗಕ್ಕೆ ಹಕ್ಕುಪತ್ರ ಕೇಳಿ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿರುವುದು ಎಲ್ಲ ಬರೆದು, ಕೊನೆಯಲ್ಲಿ ಹೀಗೆ ಕೇಳಿದ್ದಳು:

"ನೀವು ನಕಾಶೆ ಮಾಡುತ್ತಿದ್ದೀರೆಂದು ನಮ್ಮ ಪಾದ್ರಿಗಳು ಹೇಳಿದರು. ಸರ್ಕಾರದ ನಕಾಶೆಯಲ್ಲಿ ನಮ್ಮ ಊರು ಇರುವ ಜಾಗದಲ್ಲಿ ಈಗ ನದಿ ಇದೆ. ನಾವು ಗುಡ್ಡದ ಮೇಲೆ ಇಲ್ಲವೆಂದೇ ಅವರು ಹೇಳುತ್ತಾರೆ. ದಯವಿಟ್ಟು ನಿಮ್ಮ ನಕಾಶೆಯಲ್ಲಾದರೂ ನಮ್ಮನ್ನು ಒಣ ಜಾಗದಲ್ಲಿ ಇಡಿ. ಇತಿ, ಎಸ್ತೆರ್, ಕಾರ್ಯದರ್ಶಿ."

ಕೆಳಗೆ ಒಂದು ಮೊಬೈಲ್ ನಂಬರ್. ಪತ್ರ ಹಿಡಿದು ಫಾದಿ ಸರ್ ಹತ್ತಿರ ಓಡಿದೆ. "ಬ್ಯೂಟಿಫುಲ್," ಅಂದರು. "ಬಟ್ ಲೆಟರ್ ಈಸ್ ನಾಟ್ ಎ ಮೆಥಡ್. ಥ್ರೀ ಕಾಲ್ಸ್, ಮಿಸೆಸ್ ಲೋಬೊ. ಯಲ್ಲಾ, ಗೋ!"

ನಮ್ಮಲ್ಲಿ ಫೋನ್ ಮಾಡುವ ದಿನ ಭಾನುವಾರ. ಆಗ ದುಬೈಯಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ವಾರದ ಮೊದಲ ಕೆಲಸದ ದಿನ. ಎರಡು ದಿನ ವಿಶ್ರಾಂತಿ ಪಡೆದ ಗಂಟಲು, ಕೆಳಗಿನ ವರ್ಕ್‌ಶಾಪಿನಲ್ಲೂ ಗಲಾಟೆ ಕಡಿಮೆ. ಬೆಳಿಗ್ಗೆ ಹನ್ನೊಂದಕ್ಕೆ ಕೂತರೆ ಆಫ್ರಿಕಾ ಪೂರ್ತಿ ಒಂದು ಸುತ್ತು ಹೊಡೆಯುತ್ತಿದ್ದೆ. ಎಸ್ತೆರ್‌ಗೆ ಒಂದು ಭಾನುವಾರ ಫೋನ್ ಮಾಡಿದೆ. ಎತ್ತಲಿಲ್ಲ. ಮುಂದಿನ ಭಾನುವಾರ ಮಾಡಿದೆ, ಎತ್ತಲಿಲ್ಲ. ಮೂರನೆಯ ಭಾನುವಾರ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಪತ್ರವನ್ನು ಡ್ರಾಯರಿನಲ್ಲಿಟ್ಟು, ನನ್ನ ಕೈಯಾರೆ ಬೂದು ಚುಕ್ಕೆ ಇಟ್ಟೆ. ಅವತ್ತು ಮಧ್ಯಾಹ್ನ ಡಬ್ಬಿಯ ಮೀನು ಸಾರು ಸೇರಲಿಲ್ಲ.

ಅವಳೊಬ್ಬಳೇ ಅಲ್ಲ. ಆ ಸುತ್ತಿನ ಊರುಗಳೆಲ್ಲ ಒಂದೊಂದಾಗಿ ಬೂದಾದವು. ಮಲಾವಿ ಬೂದು, ಝಾಂಬಿಯಾ ಬೂದು, ಉಗಾಂಡ ಅರ್ಧಕ್ಕರ್ಧ ಬೂದು. ಉತ್ತರದ ಕಡೆ ಮಾತ್ರ ಹಸಿರೋ ಹಸಿರು. ಫಾದಿ ಸರ್ ನಕಾಶೆಯ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತರು. ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ವಾರ ಕಳೆದು ಹೊರಗೆ ಬಂದಾಗ ಅವರ ಕೈಯಲ್ಲಿ ನಲವತ್ತು ಸ್ಲೈಡುಗಳ ಒಂದು ಸಿದ್ಧಾಂತ ಇತ್ತು. ಹೆಸರು, 'ದ ಗ್ರೇ ಬೆಲ್ಟ್'. ಆ ಪ್ರದೇಶದಲ್ಲಿ ಜನರ ಸಂಘಟನಾಶಕ್ತಿ ಯಾಕೆ ಕುಸಿದಿದೆ ಎಂಬುದಕ್ಕೆ ಏಳು ಕಾರಣಗಳು, ಬಾಣದ ಗುರುತುಗಳ ಸಮೇತ. ಅಬುಧಾಬಿಯ ಸಭೆಯಲ್ಲಿ ಇದನ್ನೇ ಮಂಡಿಸುವುದಾಗಿ ಹೇಳಿದರು. ನಕಾಶೆಯನ್ನು ಗೋಡೆಯಷ್ಟು ದೊಡ್ಡ ಬ್ಯಾನರಾಗಿ ಪ್ರಿಂಟ್ ಮಾಡಿಸಿಯೂ ಬಿಟ್ಟರು. ಅವರು ಜೀವನದಲ್ಲಿ ಸಮಯಕ್ಕೆ ಮೊದಲೇ ಮುಗಿಸಿದ ಕೆಲಸ ಅದೊಂದೇ.

ಇತ್ತ ಹಮೀದ್ ಕೂಡ ಸುಮ್ಮನಿರಲಿಲ್ಲ. ಒಂದೇ ರಿಂಗ್ ಕೊಟ್ಟು ಕಟ್ ಮಾಡುವ ವಿದೇಶೀ ನಂಬರುಗಳು ಮೋಸದ್ದು, ತಿರುಗಿ ಫೋನ್ ಮಾಡಬೇಡಿ ಎಂದು ಎಲ್ಲೋ ಓದಿದ್ದರು. ನಮ್ಮ ಆಫೀಸಿಗೆ ಪ್ರತಿ ಸೋಮವಾರ ಅಂಥ ಫೋನುಗಳ ಮಳೆ. ಟ್ರಿಣ್, ಕಟ್. ಟ್ರಿಣ್, ಕಟ್. ಹಮೀದ್ ಒಂದೊಂದನ್ನೂ ಬ್ಲಾಕ್ ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮುಖಪುಟದ ಮೇಲೆ ಕೆಂಪಕ್ಷರದಲ್ಲಿ 'ಫ್ರಾಡ್' ಎಂದು ಬರೆದು, ಅದಕ್ಕೆ ಕ್ಯಾಲೆಂಡರ್ ಹಾಳೆಯ ಬೈಂಡ್ ಬೇರೆ ಹಾಕಿದ್ದರು. "ಇವತ್ತು ಹನ್ನೊಂದು ಜನ ಕಳ್ಳರು ಬಾಯಮ್ಮ," ಎಂದು ಸಂಜೆ ನನಗೆ ಲೆಕ್ಕ ಒಪ್ಪಿಸುತ್ತಿದ್ದರು. "ಶಾಭಾಸ್ ಬ್ಯಾರಿಗಳೇ," ಅನ್ನುತ್ತಿದ್ದೆ ನಾನು.

ಆಹ್ವಾನದ ಪಟ್ಟಿ ಒಂದು ಗುರುವಾರಕ್ಕೆ ಅಂತಿಮವಾಗುವುದಿತ್ತು. ಅದೇ ವಾರ ನನ್ನ ತಂಗಿಯ ಮೊಮ್ಮಗಳ ನಾಮಕರಣ. ನಾಲ್ಕು ದಿನದ ರಜೆ ಹಾಕಿ ಮಂಗಳೂರಿಗೆ ಹೋದೆ. ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ. ಫೋನು ಸೈಲೆಂಟಿಗೆ ಹಾಕಿ ಬ್ಯಾಗಿನ ತಳಕ್ಕೆ ತಳ್ಳಿದೆ. ಮಗು ಚೆನ್ನಾಗಿ ಅತ್ತಿತು, ಪಾದ್ರಿಗಳು ಅದಕ್ಕಿಂತ ದೀರ್ಘವಾಗಿ ಪ್ರಸಂಗ ಮಾಡಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಫೋನು ತೆಗೆದು ನೋಡಿದರೆ ಫಾದಿ ಸರ್‌ದು ಮೂರು ಮಿಸ್ಡ್ ಕಾಲ್. ಕೆಳಗೆ ಒಂದು ಮೆಸೇಜು: "ಥ್ರೀ ಕಾಲ್ಸ್, ನೋ ಆನ್ಸರ್. ಮಿಸೆಸ್ ಲೋಬೊ, ಆರ್ ಯು ಡಾರ್ಮೆಂಟ್? ವೇರ್ ಈಸ್ ದ ಸ್ಟೇಪ್ಲರ್?"

ನಗು ಬಂತು. ರೋಮಿಂಗಿನಲ್ಲಿ ಮಾತಾಡುವ ಧೈರ್ಯವಿಲ್ಲದೆ ತಂಗಿಯ ಮೊಬೈಲಿನಿಂದ ಆಫೀಸಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಅವರೇ ಮಾಡಲಿ ಅಂತ. ಮಾಡಲಿಲ್ಲ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿದೆ. ಈ ಸಲ ರಿಂಗೇ ಆಗಲಿಲ್ಲ. ಬರೀ ಟೊಂಯ್ ಟೊಂಯ್ ಶಬ್ದ.

ಆ ಮೆಟ್ಟಿಲ ಮೇಲೆ ನಾನು ಹಾಗೇ ಕೂತುಬಿಟ್ಟೆ. ತಂಗಿ ಬಿಪಿ ಎಂದು ಗಾಬರಿಯಾಗಿ ನೀರು ತಂದಳು.

ಭಾನುವಾರ! ಇಡೀ ಲೋಕದ ಕ್ರೈಸ್ತರು ಭಾನುವಾರ ಇಗರ್ಜಿಗೆ ಹೋಗುತ್ತಾರೆ. ಇದನ್ನು ಯಾರಾದರೂ ನನಗೆ ಹೇಳಿಕೊಡಬೇಕೇ? ನಾನು ನಾಲ್ಕು ವರ್ಷಕ್ಕೇ ಭಾನುವಾರದ ಬಿಳಿ ಫ್ರಾಕು ತೊಟ್ಟವಳು. ಆದರೆ ದುಬೈಯಲ್ಲಿ ರಜೆ ಇರುವ ದಿನವೇ ನಮ್ಮ ಕೊಂಕಣಿ ಪೂಜೆ. ಮೂವತ್ತು ವರ್ಷ ಶುಕ್ರವಾರ ಮೊಣಕಾಲೂರಿ ಊರಿ, ದೇವರಿಗೂ ಶುಕ್ರವಾರವೇ ರಜೆ ಎಂದು ನನ್ನ ಮೊಣಕಾಲು ನಂಬಿಬಿಟ್ಟಿತ್ತು. ದುಬೈಯ ಹನ್ನೊಂದು ಅಂದರೆ ಮಲಾವಿಯಲ್ಲಿ ಒಂಬತ್ತು; ಅಲ್ಲಿ ಒಂಬತ್ತು ಗಂಟೆಯ ಪೂಜೆಯಲ್ಲಿ ಎಸ್ತೆರ್ ಹಾಡುತ್ತಿದ್ದಾಗ, ದುಬೈಯಲ್ಲಿ ಕೂತು ನಾನು ಅವಳನ್ನು ಮಲಗಿದ್ದಾಳೆ ಎಂದು ಬರೆದಿದ್ದೆ.

ಹಮೀದ್‌ಗೆ ಅವರ ಸ್ವಂತ ಮೊಬೈಲಿಗೆ ಫೋನ್ ಮಾಡಿದೆ.

"ಬ್ಯಾರಿಗಳೇ, ಈಗ ಒಂದು ಇಂಡಿಯಾ ನಂಬರ್ ಬ್ಲಾಕ್ ಮಾಡಿದ್ರಾ?"

"ಹೌದು ಬಾಯಮ್ಮ. ಎಂತ ಧೈರ್ಯ ನೋಡಿ, ಭಾನುವಾರವೂ ಬಂತು."

"ಅದು ನಾನು!"

"ನೀವು ಯಾಕೆ ಒಂದೇ ರಿಂಗ್ ಕೊಡುದು? ಫ್ರಾಡ್‌ನವರೇ ಒಂದು ರಿಂಗ್ ಕೊಡುದು."

"ಉಳ್ಳಾಲದಿಂದ ನಿಮ್ಮ ಉಮ್ಮ ನಿಮಗೆ ಹೇಗೆ ಫೋನ್ ಮಾಡ್ತಾರೆ?"

"ಉಮ್ಮ ಎಲ್ಲಿ ಫೋನ್ ಮಾಡ್ತಾರೆ? ಕರೆನ್ಸಿ ಇರುದಿಲ್ಲ. ಮಿಸ್ ಕಾಲ್ ಕೊಡ್ತಾರೆ, ನಾನೇ ತಿರುಗಿ..." ಆಮೇಲೆ ಬಹಳ ಮೆಲ್ಲಗೆ, "ಯಾ ಅಲ್ಲಾ. ಸೋಮವಾರದ ಕಳ್ಳರು ಕಳ್ಳರಲ್ವಾ?"

"ನಾನು ಭಾನುವಾರ ಮಾಡಿದ ಫೋನಿಗೆ ಸೋಮವಾರ ಉತ್ತರ ಕೊಟ್ಟವರು. ನೋಟ್‌ಬುಕ್ಕು ಉಂಟಾ, ಬಿಸಾಡಿದ್ರಾ?"

"ಬಿಸಾಡುದಾ? ಬೈಂಡ್ ಹಾಕಿದ್ದೇನೆ ಮಾರ್ರೆ!"

ಮಂಗಳವಾರ ಬೆಳಿಗ್ಗೆ ವಾಪಸು ಬಂದು ಸೀದಾ ಅಲ್ ಕೂಜ್‌ಗೆ ಹೋದೆ. ಹಮೀದ್ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ; ಕ್ಷೌರವೂ ಮಾಡಿರಲಿಲ್ಲ. ನೋಟ್‌ಬುಕ್ಕು ತೆರೆದೆವು. ಎರಡನೆಯ ಪುಟದಲ್ಲಿ ಪತ್ರದ ನಂಬರೇ ಇತ್ತು, ಮೊದಲ ಸೋಮವಾರದ್ದು; ಬ್ಲಾಕ್ ಆದ ಮೇಲೆ ಕೊಟ್ಟ ರಿಂಗುಗಳು ನಮಗೆ ಮುಟ್ಟಿರಲೇ ಇಲ್ಲ. ಡಯಲ್ ಮಾಡಿದೆ. ಅರ್ಧ ರಿಂಗಿಗೆ ಎತ್ತಿದರು.

"ಎಸ್ತೆರ್?"

"ಓ, ದುಬೈ ಮೇಡಂ!" ಹಿಂದೆ ಕೋಳಿಗಳ ಸದ್ದು, ಹೆಂಗಸರ ನಗು. "ನಾವು ಎಷ್ಟು ಸಲ ಮಿಸ್ಡ್ ಕಾಲ್ ಕೊಟ್ಟೆವು! ನೀವು ತಿರುಗಿ ಮಾಡಲೇ ಇಲ್ಲ. ದುಬೈಯಲ್ಲಿ ಇವರಿಗೂ ಕರೆನ್ಸಿ ಇಲ್ಲ, ಪಾಪ, ಅಂದುಕೊಂಡೆವು. ಭಾನುವಾರ ಪೂಜೆಯಲ್ಲಿ ನಿಮಗೋಸ್ಕರ ಪ್ರಾರ್ಥನೆ ಮಾಡಿದ್ದೇವೆ."

ನಾನು ಫೋನ್ ಮಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಅವರು ನನಗಾಗಿಯೇ ಪ್ರಾರ್ಥಿಸುತ್ತಿದ್ದರು. ಶಾರಲ್ ಹುಡುಗಿ, ಇಂಥ ಮಾತಿಗೆ ಯಾವ ಟ್ರೈನಿಂಗಿನಲ್ಲೂ ಉತ್ತರ ಕಲಿಸುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರ ಬರೆದುಕೊಂಡೆ.

ಇನ್ನು ಫಾದಿ ಸರ್‌ಗೆ ಹೇಳಬೇಕಿತ್ತು. ಅವರು ಮೂವತ್ತೆರಡನೆಯ ಸ್ಲೈಡಿನ ಬಾಣಕ್ಕೆ ಬಣ್ಣ ತುಂಬುತ್ತಿದ್ದರು.

"ಸರ್, ಗ್ರೇ ಬೆಲ್ಟ್ ಇಲ್ಲ."

"ವಾಟ್ ಡು ಯು ಮೀನ್ ಇಲ್ಲ? ಲುಕ್ ಅಟ್ ದ ಪ್ಯಾಟರ್ನ್!"

"ಅದು ಒಂಬತ್ತು ಗಂಟೆಯ ಪೂಜೆ, ಸರ್."

ಹಸಿರಾದದ್ದು ಭಾನುವಾರ ಇಗರ್ಜಿ ಇಲ್ಲದ ಉತ್ತರದ ಊರುಗಳು ಎಂದು ವಿವರಿಸಿದೆ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು. "ಮಿಸೆಸ್ ಲೋಬೊ! ಯು ಆರ್ ಎ ಕ್ಯಾಥೊಲಿಕ್! ಭಾನುವಾರ ಇಗರ್ಜಿ ಇರುತ್ತದೆಂದು ನಿಮಗೆ ಗೊತ್ತಿಲ್ಲವೇ?"

"ನಾನು ಶುಕ್ರವಾರ ಹೋಗುದು, ಸರ್." ಕೆಲಸ ಹೋಗುವುದು ಹೇಗೂ ಖಂಡಿತ ಎಂದು ಸೇರಿಸಿಯೇಬಿಟ್ಟೆ. "ನೀವೂ ಕ್ರೈಸ್ತರೇ ಅಲ್ವಾ? ನೀವು ಯಾವಾಗ ಹೋಗುದು?"

ಫಾದಿ ಸರ್ ಬೆರಳೆಣಿಸಿ ವಾರಗಳನ್ನು ಲೆಕ್ಕ ಹಾಕಿದಂತೆ ಮಾಡಿದರು. "ಫ್ರೈಡೇ," ಅಂದರು ಸಣ್ಣ ಸ್ವರದಲ್ಲಿ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, ನಲವತ್ತು ಸ್ಲೈಡುಗಳನ್ನೂ ಒಟ್ಟಿಗೆ ಹಿಡಿದು, ಡಿಲೀಟ್ ಒತ್ತಿದರು. "ಖಲಾಸ್." ನಾನು ಅನೇಕ ಬಾಸ್‌ಗಳನ್ನು ನೋಡಿದ್ದೇನೆ. ತಾನೇ ಕಟ್ಟಿದ ಸಿದ್ಧಾಂತವನ್ನು ಹಾಗೆ ಒಂದೇ ಬೆರಳಲ್ಲಿ ಅಳಿಸಿದವರು ಇವರೊಬ್ಬರೇ.

ಗುರುವಾರದೊಳಗೆ ನಾವು ಮೂವರೂ ಕೂತು ಇಡೀ ನೋಟ್‌ಬುಕ್ಕಿಗೆ ಫೋನ್ ಮಾಡಿದೆವು. ಒಂದೆರಡು ನಿಜವಾದ ಫ್ರಾಡ್‌ಗಳೂ ಸಿಕ್ಕಿದರು. ಹಮೀದ್‌ಗೆ ಅಷ್ಟು ಸಮಾಧಾನವಾಯಿತು. ಎಸ್ತೆರ್ ಹೆಸರು ಪಟ್ಟಿಗೆ ಸೇರಿತು. ಆದರೆ ಗೋಡೆಯಷ್ಟು ದೊಡ್ಡ ಬ್ಯಾನರು ಬೂದು ಚುಕ್ಕೆಗಳ ಜೊತೆ ಅಬುಧಾಬಿಯ ಖಾಲಿದಿಯಾದಲ್ಲಿದ್ದ ಸಭೆಯ ಹಾಲ್ ಸೇರಿಯಾಗಿತ್ತು. ಹೊಸದು ಪ್ರಿಂಟ್ ಮಾಡಿಸೋಣವೆಂದರೆ ಫೈಲು ಡಿಸೈನರನ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪು ಅವನ ಜೊತೆ ಫಿಲಿಪೈನ್ಸ್‌ನಲ್ಲಿ, ಅವನು ಯಾವುದೋ ದ್ವೀಪದಲ್ಲಿ ಹನಿಮೂನಿನಲ್ಲಿ. ಮೂರು ಸಲ ಫೋನ್ ಮಾಡಿದೆವು. ಎತ್ತಲಿಲ್ಲ.

"ಹಸಿರು ಸ್ಟಿಕ್ಕರ್ ಅಂಟಿಸುವ," ಅಂದೆ. ಸ್ಟೇಷನರಿಯಲ್ಲಿ ಕೆಂಪು ಇತ್ತು, ಹಳದಿ ಇತ್ತು, ಹಸಿರು ಇರಲಿಲ್ಲ. ಕೊನೆಗೆ ಕರಾಮದಲ್ಲಿ ಬಳೆ, ಕ್ಲಿಪ್ಪು ಮಾರುವ ಅಂಗಡಿಗೆ ಹೋಗಿ ಹಸಿರು ಬಿಂದಿಯ ಪ್ಯಾಕೆಟ್ ಎಷ್ಟುಂಟೋ ಅಷ್ಟು ಕೊಡಿ ಎಂದೆ. ಅಂಗಡಿಯವನು ನನ್ನ ಬಾಚಿದ ಬಿಳಿ ಕೂದಲು, ಕತ್ತಿನ ಶಿಲುಬೆ, ಬರಿ ಹಣೆ ನೋಡಿ, "ಎಲ್ಲಾ ನಿಮಗೇ ಬೇಕಾ ಆಂಟಿ?" ಎಂದು ಕೇಳಿದ. "ಆಫ್ರಿಕಾಕ್ಕೆ," ಅಂದೆ. ಮತ್ತೇನೂ ಕೇಳಲಿಲ್ಲ.

ಸಭೆಯ ಬೆಳಿಗ್ಗೆ ಹಮೀದ್ ಏಣಿಯ ಮೇಲೆ, ನಾನು ಕೆಳಗೆ ಪಟ್ಟಿ ಹಿಡಿದು, ಫಾದಿ ಸರ್ ನಡುವೆ ನಿಂತು ಬಿಂದಿ ಸುಲಿದು ಕೊಡುತ್ತ ಬೂದು ಚುಕ್ಕೆಗಳನ್ನೆಲ್ಲ ಮುಚ್ಚಿದೆವು. ಕೊನೆಯ ಪ್ಯಾಕೆಟ್ಟಿನವು ನಡುವೆ ಹರಳಿದ್ದ ಬಿಂದಿಗಳು. ಬೇರೆ ದಾರಿಯಿಲ್ಲದೆ ಅವನ್ನೂ ಅಂಟಿಸಿದೆವು. ದೀಪ ಹಾಕಿದಾಗ ಉಗಾಂಡ, ಮಲಾವಿ ಎರಡೂ ಮಿಣಮಿಣ ಎಂದವು. ಸೂಟು ಹಾಕಿದ ಗಣ್ಯರೊಬ್ಬರು ಬಂದು, ಹೊಳೆಯುವವು ವಿಶೇಷ ಆದ್ಯತೆಯ ಸಂಘಗಳೇ ಎಂದು ಕೇಳಿದರು. "ಆಬ್ಸೊಲ್ಯೂಟ್ಲಿ," ಅಂದರು ಫಾದಿ ಸರ್. ಅಷ್ಟರಲ್ಲಿ ಮಡಗಾಸ್ಕರಿನಿಂದ ಬಂದ ಒಬ್ಬರು ತಮ್ಮ ದೇಶವೆಲ್ಲಿ ಎಂದು ಹುಡುಕತೊಡಗಿದರು. ಹಮೀದ್ ಒಂದು ಹಸಿರು ಫೈಲಿನ ರಟ್ಟನ್ನು ಕತ್ತರಿಸಿ ಟೇಪು ಹಚ್ಚಿ ಸಮುದ್ರದಲ್ಲಿ ಅಂಟಿಸಿದರು. ಅದು ಬಂಗುಡೆ ಮೀನಿನಂತೆ ಕಾಣುತ್ತಿತ್ತು. ಆದರೂ ಆತ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಎಸ್ತೆರ್ ಬಂದಳು. ನನ್ನಷ್ಟೇ ವಯಸ್ಸು, ನನ್ನಷ್ಟೇ ಗಿಡ್ಡ. ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಏಸಿಗೆ ನಡುಗುತ್ತಿದ್ದವಳಿಗೆ ನನ್ನ ಸ್ವೆಟರ್ ಕೊಟ್ಟೆ. ಹಾಕಿಕೊಂಡು ಸೀದಾ ನಕಾಶೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ತನ್ನ ಊರು ಹುಡುಕಿದಳು. ಸಿಕ್ಕಿತು. ಹರಳಿನ ಬಿಂದಿ. ನನಗೆ ಹೆಮ್ಮೆಯಾಯಿತು.

ಅವಳು ಅದನ್ನೇ ನೋಡುತ್ತ ನಿಂತಾಗ ಮಾತ್ರ ನನಗೆ ಹೊಳೆಯಿತು. ಬೂದು ಚುಕ್ಕೆಯನ್ನು ನಾನು ಇಟ್ಟದ್ದು ಸರ್ಕಾರದ ನಕಾಶೆ ನೋಡಿ. ಬಿಂದಿಯನ್ನು ಅಂಟಿಸಿದ್ದು ಅದರ ಮೇಲೆಯೇ. ಅವಳು ಪತ್ರ ಬರೆದು ಕೇಳಿದ್ದ ಒಂದೇ ಒಂದು ಉಪಕಾರ! ನದಿಯ ನೀಲಿ ಗೆರೆಯ ನಟ್ಟನಡುವೆ ಅವಳ ಊರು ಹರಳಿನ ಸಮೇತ ಮಿನುಗುತ್ತಿತ್ತು.

"ಎಸ್ತೆರ್, ಸಾರಿ," ಅಂದೆ.

ಅವಳು ನನ್ನತ್ತ ನೋಡಲಿಲ್ಲ. ಉಗುರಿನಿಂದ ಬಿಂದಿಯ ಅಂಚನ್ನು ಎಬ್ಬಿಸಿ, ಮೆಲ್ಲಗೆ ಸುಲಿದು, ಒಂದು ಬೆರಳಗಲ ಮೇಲಕ್ಕೆ, ಗುಡ್ಡದ ಕಂದು ಬಣ್ಣದ ಮೇಲಿಟ್ಟಳು. ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಅಂಟು ಹಿಡಿಯುವಷ್ಟು ಹೊತ್ತು ಹಾಗೇ ನಿಂತಳು. ಆಮೇಲೆ ತಿರುಗಿ, "ಈಗ ಒಣಗಿದೆ," ಎಂದು ಜೋರಾಗಿ ನಕ್ಕಳು. ಮೈಕಿನ ಮುಂದೆ ಅವಳು ಆಡಿದ ಮೊದಲ ಮಾತು, "ಆ ಹೊಳೆಯುವ ಚುಕ್ಕೆ ನೋಡಿ. ನಾವು ಅಲ್ಲಿದ್ದೇವೆ." ಹಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ಗುಡ್ಡ ನೋಡಿದರು. ಬೂದು ಚುಕ್ಕೆ ಕೆಳಗೆ ನದಿಯಲ್ಲಿ ಖಾಲಿಯಾಗಿ ಉಳಿದಿತ್ತು.

ಈಗ ಈ ದೇಶದಲ್ಲೂ ಭಾನುವಾರ ರಜೆ. ನಾನೂ ಭಾನುವಾರವೇ ಮಗಳ ಜೊತೆ ಪೂಜೆಗೆ ಹೋಗುತ್ತೇನೆ. ಮೊಣಕಾಲು ಇನ್ನೂ ಒಗ್ಗಿಕೊಂಡಿಲ್ಲ. ಫಾದಿ ಸರ್ ಬೈರೂತಿಗೆ ಹೋದರು, ಹಮೀದ್ ಉಳ್ಳಾಲಕ್ಕೆ. ಶಾರಲ್‌ನ ಆಫೀಸಿನಲ್ಲಿ ಕಂಪ್ಯೂಟರೇ ಫೋನ್ ಮಾಡುತ್ತದಂತೆ, ಚುಕ್ಕೆಯ ಬಣ್ಣವನ್ನೂ ಅದೇ ನಿರ್ಧರಿಸುತ್ತದಂತೆ. ನಿನ್ನೆ ಮತ್ತೆ ಸಿಕ್ಕಾಗ, ಎಷ್ಟು ಸಲ ಫೋನ್ ಮಾಡಿ ನಿಲ್ಲಿಸುತ್ತದೆ ಎಂದು ಕೇಳಿದೆ. "ಥ್ರೀ ಟೈಮ್ಸ್, ಆಂಟಿ," ಅಂದಳು. ಯಾವ ದಿನ ಎಂದು ವಿಚಾರಿಸಿಕೊಂಡು ಬಾ ಮಗಾ, ನನ್ನ ಟಿಪ್ಸ್ ಅಷ್ಟೇ.

ನಿವೃತ್ತಿಯಾದವರಿಗೆ ಫೋನು ಬರುವುದು ಕಡಿಮೆ. ಎಷ್ಟೋ ದಿನ ನಾನೇ ಬೂದು ಚುಕ್ಕೆಯ ಹಾಗೆ ಬಾಲ್ಕನಿಯಲ್ಲಿ ಕೂತಿರುತ್ತೇನೆ. ಆದರೆ ಇವತ್ತು ಸೋಮವಾರ. ಈ ಪುಟ ಬರೆಯುತ್ತಿರುವಾಗಲೇ ಪಕ್ಕದಲ್ಲಿಟ್ಟ ಮೊಬೈಲು ಒಂದು ರಿಂಗಾಗಿ ನಿಂತಿತು. ಮಗಳು ಅಡುಗೆಮನೆಯಿಂದ, "ಮಮ್ಮೀ, ಡೋಂಟ್ ಕಾಲ್ ಬ್ಯಾಕ್, ಇಟ್ಸ್ ಎ ಸ್ಕ್ಯಾಮ್!" ಎಂದು ಕೂಗುತ್ತಿದ್ದಾಳೆ.

ಕೂಗಲಿ. ಎಸ್ತೆರ್ ಕಾಯುತ್ತಿರುತ್ತಾಳೆ.